ನೂಲಿನಷ್ಟು ನೀರು

ಎರ್ಜುರುಮ್
6 ನವೆಂಬರ್ 2009

ಬೆದ್ರಿ,

ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾನು ಚೆನ್ನಾಗಿದ್ದೇನೆ, ಅಮ್ಮ ಚೆನ್ನಾಗಿದ್ದಾಳೆ. ಚೆನ್ನಾಗಿಲ್ಲದಿರುವುದು ನೀನು ಅಡುಗೆಮನೆ ಗೋಡೆಗೆ ನೇತುಹಾಕಿ ಹೋದ ಬಾಯ್ಲರ್ ಮಾತ್ರ.

ಕೋಣೆಗಳನ್ನು ಬೆಚ್ಚಗಿಡುವ ಕೆಲಸ ಅದು ಸರಿಯಾಗಿಯೇ ಮಾಡುತ್ತಿದೆ. ನಲ್ಲಿಗೆ ಬಿಸಿನೀರು ಕೊಡುವುದಕ್ಕೆ ಮಾತ್ರ ಅದಕ್ಕೆ ಸೋಮಾರಿತನ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲು ಅಮ್ಮ ಬಚ್ಚಲಿಗೆ ಹೋದಾಗಲೆಲ್ಲ ನೀರು ಉಗುರುಬೆಚ್ಚಗೆ ಶುರುವಾಗಿ ಕೊನೆಗೆ ಮಂಜುಗಡ್ಡೆಯಂತಾಗುತ್ತದಂತೆ. ದಿನಕ್ಕೆ ಐದು ಸಲ ಈ ದೂರು ಕೇಳಿ ನನ್ನ ಕಿವಿ ತೂತು ಬಿದ್ದಿದೆ. ನಾನು ಸ್ನಾನ ಮಾಡಿದಾಗ ಪರವಾಗಿಲ್ಲ ಅನ್ನಿಸಿತು. ಆದರೆ ನನ್ನ ಮಾತು ನಂಬಬೇಡ. ಹುಡುಗಿಯರ ಹಾಸ್ಟೆಲಿನ ಕಡಾಯಿ ತಿಕ್ಕಿ ತಿಕ್ಕಿ ನನ್ನ ಅಂಗೈ ಚಪ್ಪಲಿಯ ತೊಗಲಾಗಿದೆ, ಬಿಸಿ ಯಾವುದು ತಣ್ಣಗೆ ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ನೀನಿದ್ದ ಮೂರು ಚಳಿಗಾಲ ಈ ಬಾಯ್ಲರ್ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿತ್ತು. ಪೊಲೀಸರು ನಿನ್ನನ್ನು ಕರೆದುಕೊಂಡು ಹೋದ ಮೇಲೆ ಇದರ ಆಟ ಶುರುವಾಗಿದೆ. ಅಮ್ಮನಿಗಂತೂ ಈಗ ಹಳೆಯ ಕಲ್ಲಿದ್ದಲ ಒಲೆಯದೇ ಜಪ. "ಒಲೆ ಮೇಲೆ ತಾಮ್ರದ ಹಂಡೆ ಇಟ್ರೆ ಮುಗೀತು, ಅದು ಯಾವತ್ತೂ ಮೋಸ ಮಾಡ್ಲಿಲ್ಲ. ನನ್ನ ಮಗ ಕಿತ್ತು ಗುಜರಿಗೆ ಕೊಟ್ಟ" ಅನ್ನುತ್ತಾಳೆ. ಆಮೇಲೆ ನಿನ್ನನ್ನು ಬೈದದ್ದಕ್ಕೆ ತಾನೇ ನೊಂದುಕೊಂಡು ಕಣ್ಣು ಒರೆಸಿಕೊಳ್ಳುತ್ತಾಳೆ.

ನಮ್ಮ ಕೇರಿಯ ನುರ್ಹಾನಳ ಮದುವೆಯ ಜಗಳದಲ್ಲಿ ನಿನ್ನ ಹೊಡೆತಕ್ಕೆ ಒಂದು ಕಣ್ಣು ಕಳೆದುಕೊಂಡವನು ಮೊನ್ನೆ ಸಂತೆಯಲ್ಲಿ ಎದುರಾದ. ನಾನು ತಲೆ ತಗ್ಗಿಸಿದೆ. ಅವನೇ ಅಮ್ಮನ ಆರೋಗ್ಯ ವಿಚಾರಿಸಿ ಮುಂದೆ ಹೋದ. ಅದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು.

ಪಕ್ಕದ ಮನೆ ಪಕೀಜೆಯ ಫೋನ್ ಬಡಿದುಕೊಂಡರೂ ಅಮ್ಮ ಎದ್ದು ನಿಲ್ಲುತ್ತಾಳೆ. ನೀನು ಫೋನ್ ಮಾಡುವುದಿಲ್ಲ ಎಂದು ಹಟ ಹಿಡಿದಿದ್ದೀಯ, ಇರಲಿ. ಬಾಯ್ಲರಿಗಾದರೂ ಏನಾಗಿದೆ ಎಂದು ಬರೆ.

ನಿನ್ನ ಅಕ್ಕ
ಸೆಹೆರ್


ಜೈಲಿನಿಂದ
18 ನವೆಂಬರ್ 2009

ಅಕ್ಕ,

ನನ್ನ ಬಾಯ್ಲರ್‌ಗೆ ಸೋಮಾರಿ ಎಂದೆಯಲ್ಲ, ಹೊಟ್ಟೆಗೆ ಚುಚ್ಚಿದ ಹಾಗಾಯಿತು. ಊರಿನ ಅರ್ಧ ಮನೆಗಳಿಗೆ ಬಾಯ್ಲರ್ ಕೂರಿಸಿದವನು ನಾನು. ಅವುಗಳಲ್ಲೆಲ್ಲ ಚೆನ್ನಾಗಿ ಕೂತದ್ದು ಅಮ್ಮನದು. ಗೋಡೆಯ ಒಂದು ಟೈಲೂ ಬಿರುಕು ಬಿಟ್ಟಿಲ್ಲ, ಹೋಗಿ ನೋಡು.

ಈಗ ನಾನು ಹೇಳಿದಂತೆ ಮಾಡು. ಬಾಯ್ಲರಿನ ಹೊಟ್ಟೆಯ ಮೇಲೆ ಗಡಿಯಾರದ ಹಾಗೆ ನೀರಿನ ಒತ್ತಡ ತೋರಿಸುವ ಒಂದು ಮುಳ್ಳಿದೆ. ಅದು ಒಂದಕ್ಕಿಂತ ಕೆಳಗಿದ್ದರೆ ಅಡಿಯಲ್ಲಿರುವ ಕಪ್ಪು ತಿರುಪನ್ನು ಮೆಲ್ಲಗೆ ತಿರುಗಿಸಿ ಒಂದೂವರೆಗೆ ತಂದು ಮತ್ತೆ ಬಿಗಿಯಾಗಿ ಮುಚ್ಚು. ಮುಚ್ಚಲು ಮರೆಯಬೇಡ, ನಮ್ಮೂರಿನ ಹೆಂಗಸರೆಲ್ಲ ಅಲ್ಲೇ ಎಡವುವುದು. ನಲ್ಲಿಯ ಬಾಯಿಯಲ್ಲಿರುವ ಜಾಲರಿಯನ್ನು ಬಿಚ್ಚಿ ವಿನೆಗರ್‌ನಲ್ಲಿ ನೆನೆಹಾಕು. ನೀರಿನ ಬಿಸಿಯನ್ನು ಐವತ್ತಕ್ಕೆ ಇಡು. ಇಷ್ಟಕ್ಕೂ ಬಗ್ಗದಿದ್ದರೆ ಒಳಗೆ ನೀರು ಕಾಯಿಸುವ ತಟ್ಟೆಗಳಲ್ಲಿ ಸುಣ್ಣ ಕಟ್ಟಿದೆ ಎಂದರ್ಥ, ಜೆವ್ದೆತ್ ಮೇಸ್ತ್ರಿಯನ್ನು ಕರೆಸು. ನನ್ನ ಕೈಕೆಳಗೆ ಕಲಿತವನು, ಬೇರೆ ಏನನ್ನೂ ಮುಟ್ಟಬಾರದು ಎಂದು ನಾನು ಹೇಳಿದೆ ಅನ್ನು.

ಫೋನಿನ ವಿಷಯ ಇನ್ನೊಮ್ಮೆ ಎತ್ತಬೇಡ. ಮೊದಲ ಸಲ ಮಾಡಿದಾಗ ಅಮ್ಮ ಪೂರ್ತಿ ಹೊತ್ತು ಅತ್ತಳು, ಒಂದು ಮಾತೂ ಆಡಲಿಲ್ಲ. ಆಮೇಲೆ ವಾರವಿಡೀ ನಾನು ಹೆಣದ ಹಾಗೆ ಓಡಾಡಿದೆ. ಪತ್ರ ಅಳುವುದಿಲ್ಲ, ಅದಕ್ಕೇ ಪತ್ರ.

ಒಂದು ಒಳ್ಳೆಯ ಸುದ್ದಿ. ನನ್ನ ನಡತೆಗೆ ಕಪ್ಪುಚುಕ್ಕೆ ಬೀಳದಿದ್ದರೆ ಬರುವ ವರ್ಷದ ಕೊನೆಯ ಹೊತ್ತಿಗೆ ನಮ್ಮ ಊರಿನ ಹತ್ತಿರದ ತೆರೆದ ಜೈಲಿಗೆ ಕಳಿಸುತ್ತಾರಂತೆ. ಅಲ್ಲಿಂದ ಆಗಾಗ ಮನೆಗೂ ಬಿಡುತ್ತಾರೆ. ನನ್ನ ಕೈ ನನ್ನ ಬುದ್ಧಿಗಿಂತ ಮುಂದೆ ಓಡುತ್ತದೆ ಎಂದು ನಿನಗೆ ಗೊತ್ತು. ಈಗ ಅದನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತೇನೆ, ಯಾರು ಏನೇ ಅಂದರೂ ನುಂಗಿಕೊಳ್ಳುತ್ತೇನೆ. ಅಮ್ಮ ಇನ್ನೊಂದು ಚಳಿಗಾಲ ಗಟ್ಟಿಯಾಗಿದ್ದರೆ ಸಾಕು, ಅವಳ ಕೈಯ ಚಹಾ ಕುಡಿಯುತ್ತೇನೆ.

ಬೆದ್ರಿ


ಎರ್ಜುರುಮ್
4 ಡಿಸೆಂಬರ್ 2009

ಬೆದ್ರಿ,

ಹಬ್ಬ ಕಳೆಯಿತು. ನೆರೆಹೊರೆಯವರು ಕುರ್ಬಾನಿಯ ಮಾಂಸ ತಂದುಕೊಟ್ಟರು, ಅಮ್ಮ ನಿನ್ನ ಪಾಲೆಂದು ಒಂದು ತುಂಡು ಎತ್ತಿಟ್ಟಿದ್ದಳು. ಅದು ಹಾಳಾಗುವವರೆಗೂ ಯಾರಿಗೂ ಮುಟ್ಟಲು ಬಿಡಲಿಲ್ಲ.

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಮುಳ್ಳು ಒಂದೂವರೆಯ ಮೇಲೆ ನಿಂತಿದೆ, ತಿರುಪು ಮುಚ್ಚಿದ್ದೇನೆ, ಜಾಲರಿ ಹೊಸದರಂತೆ ಹೊಳೆಯುತ್ತಿದೆ. ಅಮ್ಮನ ದೂರು ಹಾಗೇ ಇತ್ತು. ಕೊನೆಗೆ ಜೆವ್ದೆತ್ ಬಂದು ಬಾಯ್ಲರಿನ ಹೊಟ್ಟೆ ಬಗೆದು ಆಸಿಡ್ ಹಾಕಿ ತೊಳೆದ. ಒಂದು ಬೊಗಸೆ ಸುಣ್ಣ ಬಂತು. ಅವನು ಹೋದ ಮೇಲೆ ಬಚ್ಚಲಿನ ನಲ್ಲಿಯನ್ನು ನಾನೇ ತಿರುಗಿಸಿದೆ. ಹಬೆ ಎದ್ದು ಕನ್ನಡಿ ಮಂಜಾಯಿತು. ಅಮ್ಮನನ್ನು ಕರೆದು ತೋರಿಸಿದೆ. ಅವಳು ಬೆರಳು ಒಡ್ಡಿ ಚಿಕ್ಕ ಹುಡುಗಿಯ ಹಾಗೆ ನಕ್ಕಳು.

ಮರುದಿನ ಬೆಳಗಿನ ಜಾವದ ನಮಾಜಿಗೆ ಮತ್ತೆ ಅದೇ ರಾಗ, ತಣ್ಣೀರು. ಜೆವ್ದೆತ್ ಇನ್ನೊಮ್ಮೆ ಬಂದ. ಎಲ್ಲ ನೋಡಿ ನಗುತ್ತಾ ಹೇಳಿದ: "ಹಾಜೆರಮ್ಮ, ಬಾಯ್ಲರ್‌ಗೆ ಏನೂ ಆಗಿಲ್ಲ. ತಣ್ಣಗಾಗಿರೋದು ನಿಮ್ಮ ಕೈ." ಅಮ್ಮ ಶಾಲು ಹಣೆಯವರೆಗೆ ಎಳೆದುಕೊಂಡು ಒಳಗೆ ಹೋದಳು.

ನನಗೂ ಅವತ್ತು ತಲೆ ಕೆಟ್ಟಿತ್ತು. ಹಾಸ್ಟೆಲಿನಲ್ಲಿ ಇಬ್ಬರು ರಜೆ ಹಾಕಿದ್ದರು. ಮನೆಗೆ ಬಂದು ಕೂರುವಷ್ಟರಲ್ಲಿ ಅಮ್ಮ ಮತ್ತೆ ನೀರಿನ ಮಾತೆತ್ತಿದಳು. ಬಾಯಿಗೆ ಬಂದದ್ದು ಅಂದುಬಿಟ್ಟೆ. "ನಿನಗೆ ಬೇಕಾಗಿರೋದು ಬಿಸಿನೀರಲ್ಲ ಅಮ್ಮ, ಮಗ. ಅವನನ್ನ ನಲ್ಲಿಯಿಂದ ತರೋಕಾಗಲ್ಲ."

ಅವತ್ತಿನಿಂದ ಅವಳು ನೀರಿನ ಸುದ್ದಿ ಎತ್ತಿಲ್ಲ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರೆ ಸ್ನಾನಕ್ಕೆ ಹೋದವಳಷ್ಟು ಹೊತ್ತು ಒಳಗಿರುತ್ತಾಳೆ. ನಾನು ಹೊರಗೆ ನಿಂತು ಕಿವಿ ಕೊಟ್ಟೆ. ನೀರಿನ ಸದ್ದೇ ಇಲ್ಲ. ಅಡುಗೆಮನೆಯ ಬಾಯ್ಲರ್ ಕೂಡ ಮೌನವಾಗಿ ನೇತಾಡುತ್ತಿತ್ತು. ಹೊರಗೆ ಬಂದಾಗ ಕೆಂಪಾದ ಕೈಗಳನ್ನು ಅಂಗಿಯ ತೋಳಿನೊಳಗೆ ಸೇರಿಸಿಕೊಂಡಿರುತ್ತಾಳೆ. ನಮಾಜು ಬೇರೆ ಹೆಚ್ಚಾಗಿದೆ. ಐದರ ಮೇಲೆ ಇನ್ನೂ ಎಷ್ಟೋ. ಬಹುಶಃ ಒಳಗೆ ಕೂತು ಅಳುತ್ತಾಳೆ, ನೀರು ತಣ್ಣಗಿದೆ ಎನ್ನುವುದೆಲ್ಲ ಅವಳ ಮನಸ್ಸಿನ ಆಟ. ಸ್ವಲ್ಪ ಕೆಮ್ಮು ಇದೆ, ಈ ಊರಿನಲ್ಲಿ ಡಿಸೆಂಬರ್‌ನಲ್ಲಿ ಯಾರಿಗಿಲ್ಲ.

ಸೆಹೆರ್


ಜೈಲಿನಿಂದ
15 ಡಿಸೆಂಬರ್ 2009

ಅಕ್ಕ,

ಆ ಒಂದು ಮಾತನ್ನು ಮೊದಲ ಪತ್ರದಲ್ಲೇ ಬರೆಯಬಾರದಿತ್ತೆ? ನಿನ್ನ ಪತ್ರ ಓದಿ ಅಂಗಳದಲ್ಲಿ ಒಬ್ಬನೇ ನಕ್ಕೆ. ಕಾವಲಿನವನು ನನಗೆ ಹುಚ್ಚು ಹಿಡಿಯಿತೆಂದುಕೊಂಡ. ಬಾಯ್ಲರಿನದು ತಪ್ಪಿಲ್ಲ, ಅಮ್ಮನ ತಲೆಯೂ ನೆಟ್ಟಗಿದೆ. ಅವಳು ಹೇಳಿದ್ದು ಅಕ್ಷರಶಃ ನಿಜ, ಅವಳ ಕೈಗೆ ಬಿದ್ದದ್ದು ತಣ್ಣೀರೇ. ಸರಿಯಾಗಿ ಓದಿಕೋ:

■■■■■■■■■■■■■■■■■■■■■■■■■■■■■■■■
■■■■■■■■■■■■■■■■■■■■■■■■■■■■■■

ಇಷ್ಟೇ. ಮೇಸ್ತ್ರಿ ಬೇಡ, ಸ್ಕ್ರೂಡ್ರೈವರ್ ಬೇಡ. ಪತ್ರ ಕೈಗೆ ಬಂದ ದಿನವೇ ಮಾಡು. ಅವಳನ್ನು ಬೈದದ್ದಕ್ಕೆ ಕೈಗೆ ಮುತ್ತಿಟ್ಟು ಕ್ಷಮೆ ಕೇಳು, ನನ್ನ ಪರವಾಗಿಯೂ ಒಂದು ಮುತ್ತಿಡು. ನಾಲ್ಕು ವಾರದಿಂದ ಇಲ್ಲಿ ಕೂತು ತಟ್ಟೆ, ಸುಣ್ಣ, ಮುಳ್ಳು ಎಂದು ಒದ್ದಾಡಿದೆ. ಇವತ್ತು ನೆಮ್ಮದಿಯಾಗಿ ಮಲಗುತ್ತೇನೆ.

ಬೆದ್ರಿ


ಎರ್ಜುರುಮ್
30 ಡಿಸೆಂಬರ್ 2009

ಬೆದ್ರಿ,

ನಿನ್ನ ಪತ್ರ ಬಂತು. ಮೇಲೆ ಎಂದಿನಂತೆ 'ನೋಡಲಾಗಿದೆ' ಎಂಬ ಮುದ್ರೆ. ಆದರೆ ಏನು ಮಾಡಬೇಕೆಂದು ನೀನು ಬರೆದ ಸಾಲುಗಳ ಮೇಲೆ ಜೈಲಿನವರು ಮಸಿ ಬಳಿದಿದ್ದಾರೆ. ಕಿಟಕಿಗೆ ಹಿಡಿದು ನೋಡಿದೆ, ದೀಪಕ್ಕೆ ಹಿಡಿದು ನೋಡಿದೆ, ಹಿಂದಿನಿಂದ ಬೆರಳಾಡಿಸಿ ನೋಡಿದೆ. ಒಂದು ಅಕ್ಷರವೂ ಸಿಗಲಿಲ್ಲ. ಅಲ್ಲಿ ಏನು ಬರೆದಿದ್ದೆ ಮಾರಾಯ? ಬಾಯ್ಲರಿನ ಮಾತಿನಲ್ಲಿ ಮುಚ್ಚಿಡುವಂಥದ್ದು ಏನಿರುತ್ತದೆ?

ಜೆವ್ದೆತ್‌ಗೆ ತೋರಿಸಿದೆ. ಮಸಿಯನ್ನು ಬಹಳ ಹೊತ್ತು ನೋಡಿ, ಇದು ನೀರಿನ ಬಿಸಿ ಅಳೆಯುವ ಕಡ್ಡಿಯ ವಿಷಯವೇ ಇರಬೇಕು ಎಂದು ಅದನ್ನು ಬದಲಾಯಿಸಿ ಹೋದ. ಏನೂ ವ್ಯತ್ಯಾಸವಿಲ್ಲ, ನಾನು ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ. ಅಮ್ಮನನ್ನು ಕೇಳಿದರೆ "ನನಗೇನೂ ತಣ್ಣಗಿಲ್ಲ" ಅನ್ನುತ್ತಾಳೆ. ಕೆಲಸಕ್ಕೆ ಹೊರಡುವ ಮುಂಚೆ ಪಾತ್ರೆಯಲ್ಲಿ ನೀರು ಕಾಯಿಸಿ ಟವೆಲ್ ಸುತ್ತಿ ಬಚ್ಚಲ ಬಾಗಿಲಲ್ಲಿಟ್ಟು ಹೋಗುತ್ತೇನೆ. ಸಂಜೆ ಬಂದಾಗ ಅದು ತುಂಬಿದ ಹಾಗೇ ತಣ್ಣಗೆ ಕೂತಿರುತ್ತದೆ. ಅವತ್ತು ನಾನಾಡಿದ ಮಾತಿಗೆ ಅವಳು ಹೀಗೆ ಉತ್ತರ ಕೊಡುತ್ತಿದ್ದಾಳೆ ಎಂದು ನನಗೆ ಅನ್ನಿಸುತ್ತದೆ. ಮುತ್ತು ಕೊಟ್ಟೆ, ಕ್ಷಮೆಯೂ ಕೇಳಿದೆ. ನನ್ನ ತಲೆ ಸವರಿ, ಹುಚ್ಚಿ ಅಂದಳು.

ಕೆಮ್ಮಿಗೆ ಡಾಕ್ಟರು ಔಷಧಿ ಕೊಟ್ಟಿದ್ದಾರೆ. ನೀನು ಚಿಂತೆ ಮಾಡುವಂಥದ್ದೇನಿಲ್ಲ. ಆ ಎರಡು ಸಾಲನ್ನು ಮಾತ್ರ ಬೇಗ ಮತ್ತೆ ಬರೆ. ಇಲ್ಲವೇ ಹಟ ಬಿಟ್ಟು ಒಂದು ಸಲ ಫೋನ್ ಮಾಡು.

ಸೆಹೆರ್


ಜೈಲಿನಿಂದ
14 ಜನವರಿ 2010

ಅಕ್ಕ,

ನಿನ್ನ ಪತ್ರ ನಿನ್ನೆ ಕೈಗೆ ಬಂತು. ಮಂಜಿಗೆ ರಸ್ತೆ ಮುಚ್ಚಿತ್ತು ಎನ್ನುತ್ತಾರೆ, ಇಲ್ಲಿ ಓದುವವರ ಮೇಜಿನ ಮೇಲೂ ವಾರ ಕೂತಿರಬೇಕು.

ಪತ್ರ ಓದುವ ಗುಮಾಸ್ತನನ್ನು ಹೋಗಿ ಕೇಳಿದೆ. ಒಂದೂವರೆ, ಎರಡೂವರೆ, ಐವತ್ತು, ಕಿಡಿ, ಬೆಂಕಿ ಎಂದೆಲ್ಲ ಬರೆದರೆ ಅದು ಹೊರಗಿನವರಿಗೆ ಕೊಟ್ಟ ಸಂಕೇತ ಅಲ್ಲವೆಂದು ತನಗೆ ಹೇಗೆ ಗೊತ್ತಾಗಬೇಕು ಅಂದ. ಕೈ ಜೇಬಿನಿಂದ ಹೊರಗೆ ಬಂದಿತ್ತು ಅಕ್ಕ. ಅಮ್ಮನ ಮುಖ ನೆನಪು ಮಾಡಿಕೊಂಡು ಮತ್ತೆ ಒಳಗೆ ಹಾಕಿದೆ. ನಕ್ಕು, ಹೌದು ಸಾರ್ ಅಂದು ಬಂದೆ. ಅದಕ್ಕೇ ಈ ಸಲ ಅಂಕಿಗಳಿಲ್ಲದೆ, ಬೆಂಕಿ ಇಲ್ಲದೆ, ಒಂದು ಕುದುರೆಯ ಕಥೆ ಬರೆಯುತ್ತೇನೆ.

ಅಪ್ಪನ ಕಲ್ಲಿದ್ದಲ ಗಾಡಿಯ ಕುದುರೆ ದೋರು ನೆನಪಿದೆಯೇ? ಕೆಳಗಿನ ಕೇರಿಯ ನಲ್ಲಿಯ ಹತ್ತಿರ ಅಪ್ಪ ಅದಕ್ಕೆ ನೀರು ಕುಡಿಸುತ್ತಿದ್ದ. ನಲ್ಲಿಯನ್ನು ಸಣ್ಣಗೆ ಬಿಟ್ಟರೆ ದೋರು ತಲೆಯೇ ಬಗ್ಗಿಸುತ್ತಿರಲಿಲ್ಲ, ನಿಂತಲ್ಲೇ ನಿಂತಿರುತ್ತಿತ್ತು. ಅಪ್ಪ ಬಂದು ಪೂರ್ತಿ ತಿರುಗಿಸಿ ನೀರು ಧೋ ಎಂದು ಬಿದ್ದ ಮೇಲೆಯೇ ಅದು ಬಾಯಿ ಹಾಕುತ್ತಿದ್ದದ್ದು. ನಮ್ಮ ಬಾಯ್ಲರ್ ಕೂಡ ದೋರುವೇ. ನಲ್ಲಿಯಲ್ಲಿ ನೀರು ನೂಲಿನಷ್ಟು ಸಣ್ಣಗೆ ಬಿಟ್ಟರೆ ಯಾರೋ ನಲ್ಲಿ ತಿರುಗಿಸಿದ್ದಾರೆಂದು ಅದಕ್ಕೆ ತಿಳಿಯುವುದೇ ಇಲ್ಲ, ಅದು ಏಳುವುದಿಲ್ಲ. ಪೈಪಿನಲ್ಲಿ ಉಳಿದ ಉಗುರುಬೆಚ್ಚನೆ ನೀರು ಬರುತ್ತದೆ, ಆಮೇಲೆ ಬರುವುದು ಭೂಮಿಯೊಳಗಿನ ತಣ್ಣೀರು. ನೀನು ನಲ್ಲಿ ಪೂರ್ತಿ ತಿರುಗಿಸುತ್ತೀಯ, ಜೆವ್ದೆತ್ ಪೂರ್ತಿ ತಿರುಗಿಸುತ್ತಾನೆ. ಅಮ್ಮ ಮಾತ್ರ ನೀರು ಪೋಲು ಮಾಡುವುದು ಪಾಪವೆಂದು ನೂಲಿನಷ್ಟು ಬಿಡುತ್ತಾಳೆ. ಅದಕ್ಕೇ ಸದ್ದಿಲ್ಲ, ಅದಕ್ಕೇ ಬಾಯ್ಲರ್ ಮೌನ.

ನಾನಿದ್ದಾಗ ಹೀಗೆ ಬಿಡುತ್ತಿರಲಿಲ್ಲ, ಈಗ ಯಾಕೆ ಇಷ್ಟು ಜಿಪುಣತನವೋ ತಿಳಿಯದು. ಅವಳಿಗೆ ನನ್ನ ಮಾತಿನಲ್ಲೇ ಹೇಳು. "ನಲ್ಲಿ ಪೂರ್ತಿ ತಿರುಗಿಸು ಅಮ್ಮ. ಪೋಲಾದ ನೀರಿನ ಪಾಪ ಎಲ್ಲಾ ನನ್ನ ತಲೆ ಮೇಲಿರ್ಲಿ." ನಾನು ಹೇಳಿದರೆ ಕೇಳುತ್ತಾಳೆ.

ಬಿಸಿನೀರು ಬಂತೆಂದು ಒಂದು ಸಾಲು ಬರೆ. ಆ ಪತ್ರ ಬಂದರೆ ಹಟ ಬಿಡುತ್ತೇನೆ, ಪ್ರವಾದಿ ಹುಟ್ಟಿದ ಮೌಲಿದ್ ರಾತ್ರಿ ಫೋನ್ ಮಾಡುತ್ತೇನೆ.

ಬೆದ್ರಿ


ಎರ್ಜುರುಮ್
27 ಜನವರಿ 2010

ಬೆದ್ರಿ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ ಎಂದು ನಿರ್ಧರಿಸಿಯೇ ಬರೆಯಲು ಕೂತಿದ್ದೇನೆ. ಯಾರಿಗಾದರೂ ಹೇಳದೆ ಹೋದರೆ ನನಗೆ ತಲೆ ಕೆಡುತ್ತದೆ, ಹೇಳಲು ನಿನ್ನ ಹೊರತು ನನಗೆ ಯಾರೂ ಇಲ್ಲ.

ಅಮ್ಮ ಹೋದಳು. ಜನವರಿ ಒಂಬತ್ತು, ಶನಿವಾರ. ನೀನು ಕುದುರೆಯ ಕಥೆ ಬರೆಯುತ್ತಿದ್ದಾಗ ಅವಳು ಆಗಲೇ ಮಣ್ಣಿನಲ್ಲಿದ್ದಳು. ಕೆಮ್ಮು ಎದೆಗೆ ಇಳಿದಿತ್ತು. ಡಾಕ್ಟರು ನನಗೆ ಡಿಸೆಂಬರ್‌ನಲ್ಲೇ ಹೇಳಿದ್ದರು, ತಣ್ಣೀರು ಮುಟ್ಟಿಸಬೇಡಿ ಎಂದು. ನಿನಗೆ ಚಿಂತೆ ಮಾಡಬೇಡ ಎಂದು ಬರೆದದ್ದು ಸುಳ್ಳು. ಆಸ್ಪತ್ರೆಗೆ ಸೇರಿಸುತ್ತೇನೆ ಅಂದರೆ, ನಮಾಜು ತಪ್ಪುತ್ತದೆ ಎಂದು ಅವಳು ಮನೆ ಬಿಟ್ಟು ಹೊರಡಲಿಲ್ಲ. ಕೊನೆಯ ಬೆಳಿಗ್ಗೆಯೂ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದಳು. ನಾನು ಹಾಸ್ಟೆಲಿನಲ್ಲಿ ಸೂಪಿಗೆ ಬೇಳೆ ತೊಳೆಯುತ್ತಿದ್ದೆ.

ಮಂಜು ಬಿದ್ದು ನಮ್ಮ ಕೇರಿಗೆ ಶವ ತೊಳೆಯುವ ಗಾಡಿ ಹತ್ತಲಿಲ್ಲ. ಮಸೀದಿಯಿಂದ ತೊಳೆಯುವ ಹೆಂಗಸೊಬ್ಬಳು ನಡೆದುಕೊಂಡು ಬಂದಳು, ಪಕೀಜೆ ಜೊತೆ ನಿಂತಳು, ನಮ್ಮ ಬಚ್ಚಲಿನಲ್ಲೇ ತೊಳೆದೆವು. ಆ ಹೆಂಗಸು ಅಂಗಿಯ ತೋಳು ಮಡಚಿ ಅದೇ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಅಡುಗೆಮನೆಯಲ್ಲಿ ಬಾಯ್ಲರ್ ಗುಡುಗಿತು. ನೀರು ಧೋ ಎಂದು ಬಿತ್ತು, ಹಬೆ ಎದ್ದಿತು. ಅವಳು ಕೈ ಹಿಂದಕ್ಕೆ ಎಳೆದುಕೊಂಡು ನನ್ನ ಕಡೆ ತಿರುಗಿದಳು.

"ತಣ್ಣೀರು ತಗೊಂಡು ಬಾ ಮಗಳೇ. ಇದು ತುಂಬಾ ಬಿಸಿ, ಪಾಪ ಸುಟ್ಟುಹೋಗತ್ತೆ."

ನಾನು ಬಕೆಟ್ಟಿನಲ್ಲಿ ತಣ್ಣೀರು ತಂದು ಬೆರೆಸಿದೆ, ಬೆದ್ರಿ. ಅಮ್ಮನ ನೀರಿಗೆ ತಣ್ಣೀರು ಬೆರೆಸಿದ್ದು ನಾನೇ.

ಆಮೇಲೆ ಎಲ್ಲರೂ ಹೋದ ಮೇಲೆ ನಲ್ಲಿಯ ಮುಂದೆ ಕೂತು ಸಣ್ಣಗೆ ತಿರುಗಿಸಿದೆ, ಪೂರ್ತಿ ತಿರುಗಿಸಿದೆ, ಮತ್ತೆ ಸಣ್ಣಗೆ. ಸಣ್ಣಗೆ ಬಿಟ್ಟರೆ ಬಾಯ್ಲರ್ ಸುಮ್ಮನಾಗುತ್ತಿತ್ತು. ಮಸಿಯ ಕೆಳಗೆ ನೀನು ಏನು ಬರೆದಿದ್ದೆ ಎಂದು ಆಗ ಓದಿದಷ್ಟೇ ಸ್ಪಷ್ಟವಾಯಿತು.

ನೀನು ಕೇಳಿದ್ದಕ್ಕೂ ಉತ್ತರ ಸಿಕ್ಕಿದೆ. ಅವಳದು ಜಿಪುಣತನವಲ್ಲ. ನಿನಗೆ ಶಿಕ್ಷೆಯಾದ ದಿನ ಅವಳು ಹರಕೆ ಹೊತ್ತಿದ್ದಳಂತೆ, ಪಕೀಜೆಯ ಹತ್ತಿರ ಮಾತ್ರ ಹೇಳಿಕೊಂಡಿದ್ದಾಳೆ. "ನಾನು ಪೋಲು ಮಾಡಿದ ಒಂದೊಂದು ಹನಿನೂ ನನ್ನ ಮಗನ ಶಿಕ್ಷೆಗೆ ಸೇರತ್ತೆ. ಅವನು ಹೊರಗೆ ಬರೋವರೆಗೆ ನೂಲಿನಷ್ಟೇ ನೀರು ಬಿಡ್ತೀನಿ." ನಾನು ಕಾಯಿಸಿಟ್ಟ ನೀರನ್ನೂ ಅದಕ್ಕೇ ಮುಟ್ಟಲಿಲ್ಲ. ಅವಳ ಪಾಲಿಗೆ ಅದೂ ಪೋಲೇ. ನನ್ನ ಮೇಲಿನ ಮುನಿಸು ಎಂದು ನಾನು ಅಂದುಕೊಂಡಿದ್ದೆ.

ಅವತ್ತೇ ನಿನಗೆ ಸುದ್ದಿ ಮುಟ್ಟಿಸಲಿಲ್ಲ. ಮೊದಲು, ನೀನು ಕೈಕೋಳ ಹಾಕಿಕೊಂಡು ಇಬ್ಬರು ಪೊಲೀಸರ ನಡುವೆ ನಿಂತು ಮಣ್ಣು ಹಾಕುವುದನ್ನು ಕೇರಿಯವರು ನೋಡಬಾರದು ಅನ್ನಿಸಿತು. ಆಮೇಲೆ ಬರೆಯಲು ಕೈ ಬರಲಿಲ್ಲ. ಈಗ ನಿನ್ನ ಕುದುರೆಯ ಪತ್ರ ಬಂದಿದೆ. ಇನ್ನು ನಿಜ ಹೇಳುವ ಹಾಗೇ ಇಲ್ಲ. ನಿಜ ದಿನಾಂಕ ಕೇಳಿದರೆ ನೀನು ಲೆಕ್ಕ ಹಾಕುತ್ತೀಯ. ಆ ಎರಡು ಸಾಲು ಮಸಿಯಾಗದೆ ಬಂದಿದ್ದರೆ ಅಮ್ಮ ಇರುತ್ತಿದ್ದಳು ಎಂದು ನಿನಗೆ ಗೊತ್ತಾಗುತ್ತದೆ. ಆ ಗುಮಾಸ್ತ ದಿನಾ ನಿನ್ನ ಕಣ್ಣಿಗೆ ಬೀಳುತ್ತಾನೆ. ನಿನ್ನ ಕೈ ನನಗೆ ಗೊತ್ತು. ಇನ್ನೊಂದು ಸಲ ಜೇಬಿನಿಂದ ಹೊರಗೆ ಬಂದರೆ ತೆರೆದ ಜೈಲೂ ಇಲ್ಲ, ಮನೆಯೂ ಇಲ್ಲ. ಅಮ್ಮನನ್ನು ಕಳೆದುಕೊಂಡಾಯಿತು. ನಿನ್ನನ್ನೂ ಅವರಿಗೇ ಬಿಟ್ಟುಕೊಡಲಾರೆ.

ಈ ಕಾಗದ ಸುಡೋಣವೆಂದರೆ ಮನೆಯಲ್ಲಿ ಒಲೆಯೂ ಇಲ್ಲ, ನೀನೇ ಕಿತ್ತು ಹಾಕಿದೆಯಲ್ಲ. ಹರಿದು ಬಚ್ಚಲಿಗೆ ಹಾಕುತ್ತೇನೆ.

ಸೆಹೆರ್


ಜೈಲಿನಿಂದ
9 ಫೆಬ್ರವರಿ 2010

ಅಕ್ಕ,

ನಿನ್ನಿಂದ ಒಂದು ಸಾಲೂ ಇಲ್ಲ. ಈ ಸಲ ಮಸಿ ಬಳಿದಿಲ್ಲ ಎಂದು ಗುಮಾಸ್ತ ಆಣೆ ಮಾಡಿದ. ಕುದುರೆಯ ಕಥೆ ಅವನಿಗೂ ಇಷ್ಟವಾಯಿತಂತೆ, ಅವನ ತಾತನಿಗೂ ಕುದುರೆ ಇತ್ತಂತೆ. ಈಗ ಎದುರಾದಾಗ ತಲೆ ಆಡಿಸುತ್ತಾನೆ, ನಾನೂ ಆಡಿಸುತ್ತೇನೆ. ನೋಡು, ಎಷ್ಟು ಒಳ್ಳೆಯವನಾಗಿಬಿಟ್ಟೆ.

ನೀನು ಬರೆಯದಿದ್ದರೂ ನನಗೆ ಗೊತ್ತು, ಬಿಸಿನೀರು ಬಂದಿದೆ. ಬಾರದಿದ್ದರೆ ಇಷ್ಟು ಹೊತ್ತಿಗೆ ನನ್ನನ್ನು ಬೈದು ನಾಲ್ಕು ಪುಟ ಕಳಿಸುತ್ತಿದ್ದೆ. ಫೋನ್ ಕಾರ್ಡು ತೆಗೆದುಕೊಂಡಿದ್ದೇನೆ. ಮೌಲಿದ್ ರಾತ್ರಿ ಸಂಜೆಯ ಮಗ್ರಿಬ್ ನಮಾಜು ಮುಗಿದ ಮೇಲೆ ಮಾಡುತ್ತೇನೆ. ಅಮ್ಮನನ್ನು ಫೋನಿನ ಹತ್ತಿರ ಕೂರಿಸು. ಅಳಬಾರದು ಎಂದು ಮೊದಲೇ ಹೇಳಿಡು. ಅತ್ತರೂ ಪರವಾಗಿಲ್ಲ ಅನ್ನು.

ಬೆದ್ರಿ


ಎರ್ಜುರುಮ್
18 ಫೆಬ್ರವರಿ 2010
(ತುರ್ತು ಅಂಚೆ)

ನನ್ನ ತಮ್ಮ ಬೆದ್ರಿಗೆ,

ಇದನ್ನು ಕೂತುಕೊಂಡು ಓದು. ಕಳೆದ ಶುಕ್ರವಾರ, ಫೆಬ್ರವರಿ ಹನ್ನೆರಡನೆಯ ತಾರೀಖು, ಅಮ್ಮ ತೀರಿಹೋದಳು. ನಿದ್ದೆಯಲ್ಲೇ ಹೋದಳು, ನರಳಲಿಲ್ಲ. ಶುಕ್ರವಾರ ಸಾಯುವ ಪುಣ್ಯ ಎಲ್ಲರಿಗೂ ಸಿಗುವುದಿಲ್ಲ ಎಂದು ಇಮಾಮರು ಹೇಳಿದರು. ಅವತ್ತೇ ಮಣ್ಣು ಮಾಡಿದೆವು. ರಸ್ತೆ ಮುಚ್ಚಿತ್ತು, ನೀನು ಬರುವ ಹಾಗಿರಲಿಲ್ಲ, ಈಗ ಅರ್ಜಿ ಹಾಕಬೇಡ.

ನಿನ್ನ ಕುದುರೆಯ ಪತ್ರ ಜನವರಿ ಕೊನೆಗೆ ಬಂದಿತ್ತು. ಅವಳಿಗೆ ಓದಿ ಹೇಳಿದೆ. ದೋರುವಿನ ಹೆಸರು ಕೇಳಿ ನಕ್ಕಳು. ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿದಳು. ನೀರು ಧೋ ಎಂದು ಬಿತ್ತು, ಹಬೆ ಎದ್ದಿತು. ಎಷ್ಟು ಬಿಸಿಯೆಂದರೆ ತಣ್ಣೀರು ಬೆರೆಸಬೇಕಾಯಿತು. "ನನ್ನ ಮಗ ಅಲ್ಲಿಂದಾನೇ ಸರಿ ಮಾಡಿಬಿಟ್ಟ" ಎಂದು ಪಕೀಜೆಯ ಮುಂದೆ ಹೇಳಿಕೊಂಡಳು. ಕೊನೆಯ ದಿನದವರೆಗೂ ಬಿಸಿನೀರಿನಲ್ಲೇ ಕೈಕಾಲು ತೊಳೆದಳು. ಖುಷಿಯಲ್ಲಿ ನಿನಗೆ ಬರೆಯುವುದು ತಡವಾಯಿತು, ಅದು ನನ್ನ ತಪ್ಪು.

ನಿನ್ನ ಕೈಯನ್ನು ಜೇಬಿನಲ್ಲೇ ಇಟ್ಟುಕೋ. ಅವಳು ನಿನ್ನಿಂದ ಬೇರೇನನ್ನೂ ಕೇಳಲಿಲ್ಲ. ಸಮಾಧಿಗೆ ಸದ್ಯ ಹೆಸರು ಬರೆದ ಹಲಗೆ ಮಾತ್ರ ನೆಟ್ಟಿದ್ದೇನೆ, ತಾರೀಖು ಬರೆಸಿಲ್ಲ. ಅದೆಲ್ಲ ನೀನು ಬಂದ ಮೇಲೆ ನೋಡೋಣ.

ಮೌಲಿದ್ ರಾತ್ರಿ ಫೋನ್ ಮಾಡು. ನಾನೇ ಎತ್ತುತ್ತೇನೆ.

ಸೆಹೆರ್


ಜೈಲಿನಿಂದ
10 ಮಾರ್ಚ್ 2010

ಅಕ್ಕ,

ಅವತ್ತು ಫೋನ್ ಮಾಡಲಾಗಲಿಲ್ಲ. ಸಾಲಿನಲ್ಲಿ ನಿಂತಿದ್ದೆ, ನನ್ನ ಸರದಿಯೂ ಬಂತು, ಅಂಕಿ ಒತ್ತಲು ಆಗಲಿಲ್ಲ. ಕಾರ್ಡನ್ನು ಹಿಂದಿನವನಿಗೆ ಕೊಟ್ಟು ಬಂದೆ.

 ಆಮೇಲೆ ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ನಲ್ಲಿ ತಿರುಗಿಸಿದಳು, ಹಬೆ ಎದ್ದಿತು ಎನ್ನುವ ಕಡೆ ಬಂದಾಗ ಉಸಿರು ಸರಾಗವಾಗುತ್ತದೆ. ಅವಳಿಗೆ ನಾನು ಕೊಟ್ಟದ್ದೆಲ್ಲ ಕಣ್ಣೀರು ಅಕ್ಕ. ಮದುವೆಮನೆಯಲ್ಲಿ ಅವಳ ಮಾನ ತೆಗೆದೆ, ಮುದಿ ವಯಸ್ಸಿನಲ್ಲಿ ಬಿಟ್ಟು ಬಂದೆ. ಇದೊಂದನ್ನು ಮಾತ್ರ ಸರಿ ಮಾಡಿದೆ. ಕೊನೆಯ ಎರಡು ವಾರವಾದರೂ ಅಮ್ಮನ ಕೈಗೆ ಬಿಸಿನೀರು ಬಿತ್ತಲ್ಲ, ಅಷ್ಟು ಸಾಕು. ಅದನ್ನೇ ಹಿಡಿದುಕೊಂಡು ಇಲ್ಲಿ ದಿನ ದೂಡುತ್ತಿದ್ದೇನೆ. ಆ ಗುಮಾಸ್ತ ಬಂದು ನನ್ನ ಪಕ್ಕ ಕೂತು ಸತ್ತವರಿಗಾಗಿ ಓದುವ ಫಾತಿಹಾ ಓದಿದ. ಅವನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಇಲ್ಲಿ ಕಲ್ಲು ಕೆತ್ತುವ ಕೆಲಸ ಕಲಿಸುತ್ತಾರೆ. ಬಿಳಿ ಅಮೃತಶಿಲೆಯ ಒಂದು ತುಂಡು ಕೇಳಿ ಪಡೆದುಕೊಂಡೆ. ಅಮ್ಮನ ಹೆಸರು, ಅದರ ಕೆಳಗೆ ಆ ಶುಕ್ರವಾರದ ತಾರೀಖು, ನನ್ನ ಕೈಯಿಂದಲೇ ಕೆತ್ತಿದ್ದೇನೆ. ಹನ್ನೆರಡು ಎನ್ನುವಲ್ಲಿ ಉಳಿ ಸ್ವಲ್ಪ ಜಾರಿದೆ, ಉಳಿದದ್ದೆಲ್ಲ ನೇರವಾಗಿದೆ. ನಾಳೆ ಪಾರ್ಸೆಲ್ ಮಾಡುತ್ತಾರೆ. ಮಂಜು ಕರಗಿದ ಮೇಲೆ ಗಟ್ಟಿಯಾಗಿ ಸಿಮೆಂಟ್ ಹಾಕಿಸಿ ನಿಲ್ಲಿಸು, ಜೆವ್ದೆತ್‌ಗೆ ಹೇಳಿದರೆ ಮಾಡಿಕೊಡುತ್ತಾನೆ. ಕೇರಿಯವರನ್ನೆಲ್ಲ ಕರೆದು ತೋರಿಸು. ಬಿಟ್ಟ ದಿನ ಬಸ್ಸಿನಿಂದ ಇಳಿದು ಮನೆಗೆ ಬರುವುದಿಲ್ಲ, ನೇರ ಅಲ್ಲಿಗೇ ಹೋಗುತ್ತೇನೆ.

ಬೆದ್ರಿ